ಕಬ್ಬಿಣಕ್ಕೆ ಮಾತ್ರ ಕೂಗುವ ಯಂತ್ರ

ಇಡೀ ಹೊಲಿಗೆ ಘಟಕ ಅವಳನ್ನು ಸೂಜಿ ಅಕ್ಕ ಎಂದು ಕರೆಯುತ್ತಿದ್ದರೂ ಅವಳು ಅಲ್ಲಿ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ. ಮಕ್ಕಳ ಬಟ್ಟೆ ಹೊಲಿಯುವ ಆ ಘಟಕದಲ್ಲಿ, ಮುರಿದ ಸೂಜಿಯ ಚೂರು ಯಾವ ಅಂಗಿಯೊಳಗೂ ಉಳಿಯದಂತೆ ನೋಡಿಕೊಳ್ಳುವುದು ಅವಳ ಕೆಲಸ. ಅದಕ್ಕೆಂದು ಅವಳ ಕೈಯಲ್ಲೊಂದು ಯಂತ್ರವಿತ್ತು, ನೋಡಲು ಇಸ್ತ್ರಿಪೆಟ್ಟಿಗೆಯ ತಮ್ಮನ ಹಾಗೆ. ಬಟ್ಟೆಯ ಮೇಲೆ ಆಡಿಸಿದರೆ, ಒಳಗೆ ಕಬ್ಬಿಣದ ಕಣವಿದ್ದರೂ ಕೀಂ ಎಂದು ಕೂಗಿ ಕೆಂಪು ದೀಪ ಹೊತ್ತಿಸುತ್ತಿತ್ತು.

ಆವತ್ತು ಬೆಳಿಗ್ಗೆಯಿಂದ ಅದು ಬಾಯಿ ಮುಚ್ಚಲೇ ಇಲ್ಲ. ಅಂಗಿಯ ಮೇಲೂ ಕೀಂ, ಬರಿ ಮೇಜಿನ ಮೇಲೂ ಕೀಂ, ಗಾಳಿಯಲ್ಲಿ ಎತ್ತಿ ಹಿಡಿದರೂ ಕೀಂ.

ಆವತ್ತೇ ಸೂಜಿ ಮುರಿಯಬೇಕೇ? ಮುರಿದದ್ದೂ ಬೇರೆ ಯಾರ ಯಂತ್ರದಲ್ಲೂ ಅಲ್ಲ, ಅವಳ ಸ್ವಂತ ನಾದಿನಿಯ ಹೊಲಿಗೆ ಯಂತ್ರದಲ್ಲಿ. ಎರಡು ಚೂರು ಸಿಕ್ಕವು, ತುದಿ ಮಾತ್ರ ಮಾಯ. ಎಲ್ಲ ಚೂರು ಕೂಡಿ ಪೂರ್ತಿ ಸೂಜಿಯಾಗುವವರೆಗೆ ಹೊಸ ಸೂಜಿ ಕೊಡುವಂತಿಲ್ಲ, ಅವಳು ಹೊಲಿದ ಫ್ರಾಕುಗಳು ಬಾಗಿಲು ದಾಟುವಂತಿಲ್ಲ. ಮಧ್ಯಾಹ್ನಕ್ಕೆ ವ್ಯಾನು ಬರುವುದಿತ್ತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅತ್ತಿಗೆ ನಾದಿನಿಯರಿಗೆ ಮಾತು ಬಿಟ್ಟಿತ್ತು. ನಾದಿನಿಗೆ ಮದುವೆ ಗೊತ್ತಾಗಿ, ಹುಡುಗ ಎಡಗೈಗೆ ಬಂಗಾರದ ಉಂಗುರ ತೊಡಿಸಿ ಹೋಗಿದ್ದ. ಸೂಜಿ ಅಕ್ಕ ಆ ಉಂಗುರವನ್ನು ಬೆಳಕಿಗೆ ಹಿಡಿದು, "ಬಣ್ಣ ಚೆನ್ನಾಗಿ ಹಾಕಿದಾರೆ" ಎಂದುಬಿಟ್ಟಿದ್ದಳು. ತಮಾಷೆಗೆ ಅಂದದ್ದು. ಆದರೆ ಆ ತಮಾಷೆಗೆ ಮನೆಯಲ್ಲಿ ನಕ್ಕವಳು ಅವಳೊಬ್ಬಳೇ. ಅಂದಿನಿಂದ ನಾದಿನಿ ಏನಿದ್ದರೂ, "ಅಣ್ಣಾ, ನಿನ್ನ ಹೆಂಡ್ತಿಗೆ ಹೇಳು, ಸೋಪು ಮುಗಿದಿದೆ ಅಂತ" ಎನ್ನುತ್ತಿದ್ದಳು. ಇಬ್ಬರ ನಡುವೆ ಸಿಕ್ಕ ಅಣ್ಣ ಬೇಗ ಕೆಲಸಕ್ಕೆ ಹೋಗಿ ತಡವಾಗಿ ಬರುವುದನ್ನು ರೂಢಿಸಿಕೊಂಡಿದ್ದ.

ಇಲ್ಲಿ ಆ ಅಣ್ಣನ ಪಾಡು ಸೂಪರ್‌ವೈಸರ್‌ಗೆ ಬಂತು.

"ಸರ್, ಯಂತ್ರ ಹಿಡ್ಕೊಂಡೋರಿಗೆ ಹೇಳಿ, ನನ್ನ ಫ್ರಾಕು ಮೊದಲು ನೋಡ್ಲಿ ಅಂತ."

"ಸರ್, ಫ್ರಾಕು ಹೊಲಿದೋರಿಗೆ ಹೇಳಿ, ಯಂತ್ರ ಸರಿಯಾಗ್ದೆ ನೋಡೋಕಾಗಲ್ಲ ಅಂತ."

ಸೂಪರ್‌ವೈಸರ್ ಇಬ್ಬರ ಮುಖವನ್ನೂ ನೋಡಿ, "ನಾನು ಹೇಳೋದು ಒಂದೇ. ವ್ಯಾನು ಬರುತ್ತೆ" ಎಂದು ಕಾಲಿಗೆ ಬುದ್ಧಿ ಹೇಳಿದ.

ಸೂಜಿ ಅಕ್ಕ ಸೆರಗು ಸಿಕ್ಕಿಸಿ ಕೂತಳು. ಮೊದಲು ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಹಾಕಿದಳು. ಶಕ್ತಿ ಕುಂದಿದರೆ ಈ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆಂದು ಅವಳಿಗೆ ಗೊತ್ತಿತ್ತು. ಕೂಗು ಸ್ವಲ್ಪ ತಗ್ಗಿತೇ ಹೊರತು ನಿಲ್ಲಲಿಲ್ಲ. ಸೂಕ್ಷ್ಮತೆಯ ಗುಂಡಿ ನೋಡಿದರೆ ಕೊನೆಯವರೆಗೆ ತಿರುಗಿ ನಿಂತಿತ್ತು. ಹಿಂದಿನ ದಿನ ಗುಡಿಸುವವಳು ಒರೆಸುವ ಭರದಲ್ಲಿ ತಿರುಗಿಸಿರಬೇಕು. ಯಂತ್ರವನ್ನು ಎಲ್ಲದರಿಂದ ದೂರ ಎತ್ತಿ ಹಿಡಿದು, ಕೂಗು ಆಗತಾನೇ ನಿಲ್ಲುವಲ್ಲಿಗೆ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದೆ ತಂದಳು. ಪರೀಕ್ಷೆಗೆಂದು ಕೊಟ್ಟಿದ್ದ, ಒಳಗೆ ಸಾಸಿವೆಗಿಂತ ಚಿಕ್ಕ ಕಬ್ಬಿಣದ ಗುಂಡು ಇರುವ ಪಟ್ಟಿಯನ್ನು ಮುಂದೆ ಹಿಡಿದಳು. ಕೀಂ. ತೆಗೆದಳು. ಮೌನ.

"ಅಬ್ಬ, ದಾರಿಗೆ ಬಂದೆ" ಎಂದು ಅದರ ಬೆನ್ನು ಸವರಿದಳು.

ಮೇಜಿನ ಮೇಲಿಟ್ಟರೆ ಮತ್ತೆ ಕೀಂ. ಬಗ್ಗಿ ನೋಡಿದರೆ, ಹಲಗೆಯ ಅಡಿಗೆ ಯಾರೋ ಹೊಸದಾಗಿ ಕಬ್ಬಿಣದ ಪಟ್ಟಿ ಬಡಿದಿದ್ದರು. ಕತ್ತರಿಸುವವರ ಕಡೆಯಿಂದ ಮರದ ಬೆಂಚು ಎಳೆಸಿದಳು. ತನ್ನ ಗಡಿಯಾರ ಬಿಚ್ಚಿದಳು, ಸೆರಗಿನ ಪಿನ್ನು ತೆಗೆದಳು. ಈಗ ಯಂತ್ರ ಮುನಿಸು ಮರೆತ ಮಗುವಿನಂತೆ ತೆಪ್ಪಗಾಯಿತು.

ಫ್ರಾಕುಗಳನ್ನು ಬಿಗಿಯಾಗಿ ಹರಡಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ನಾದಿನಿಯೇ ಬಂದು ಎದುರು ನಿಂತಳು, ಮುಖ ಕಿಟಕಿಯ ಕಡೆಗೆ. ಮೊದಲ ಫ್ರಾಕಿನ ನಡುವೆಲ್ಲ ಮೌನ. ಯಂತ್ರ ಅವಳ ಎಡಗೈ ಹಿಡಿದಿದ್ದ ಅಂಚಿಗೆ ಬಂದಾಗ ಕೀಂ ಎಂದಿತು. ಸಿಕ್ಕಿತು ಎಂದುಕೊಂಡು ಆ ಅಂಚನ್ನು ಬಿಚ್ಚಿ ನೋಡಿದರು. ಏನಿಲ್ಲ. ಎರಡನೆಯದಕ್ಕೂ ಅದೇ ಜಾಗದಲ್ಲಿ ಕೂಗು. ಸೂಜಿ ಅಕ್ಕ ಫ್ರಾಕನ್ನು ತಿರುಗಿಸಿ ಹಿಡಿಸಿದಳು. ಬಟ್ಟೆಯ ಮೂಲೆ ಬದಲಾಯಿತು, ಕೂಗು ಬದಲಾಗಲಿಲ್ಲ. ಅದು ನಾದಿನಿಯ ಎಡಗೈ ಬಿಟ್ಟು ಕದಲಲೊಲ್ಲದು.

ಆ ಕೈಯಲ್ಲಿದ್ದದ್ದು ಉಂಗುರ.

ಸುತ್ತಲಿನ ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಬಂಗಾರಕ್ಕೆ ಈ ಯಂತ್ರ ಸೊಪ್ಪು ಹಾಕುವುದಿಲ್ಲ, ಕಬ್ಬಿಣಕ್ಕೆ ಮಾತ್ರ ಕೂಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾದಿನಿಗೂ ಗೊತ್ತಿತ್ತು. ಅವಳ ಮುಖದ ರಕ್ತ ಇಳಿದುಹೋಯಿತು. ಸೂಜಿ ಅಕ್ಕನಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು. ತಾನು ಅಂದದ್ದು ನಿಜವಾಗುವುದಕ್ಕಿಂತ ಯಂತ್ರ ಸುಟ್ಟುಹೋಗುವುದೇ ಮೇಲೆನಿಸಿತು.

"ಗುಂಡಿ ಮತ್ತೆ ಜಾರಿರ್ಬೇಕು. ಬಿಡು, ಇನ್ನೊಂದ್ಸಲ ಸರಿ ಮಾಡ್ತೀನಿ" ಎಂದಳು.

"ಬೇಡ ಅತ್ತಿಗೆ." ಎಷ್ಟೋ ದಿನದ ಮೇಲೆ ಬಂದ ಮೊದಲ ಮಾತು. ನಾದಿನಿ ಉಂಗುರ ಕಳಚಿ ಬೆಂಚಿನ ನಡುವೆ ಇಟ್ಟಳು. "ಎಲ್ಲರ ಮುಂದೇನೇ ನೋಡಿ."

ಸೂಜಿ ಅಕ್ಕ ಯಂತ್ರವನ್ನು ಉಂಗುರದ ಮೇಲೆ ತಂದಳು. ಮೌನ. ತಾಗಿಸಿದಳು. ಮೌನ. ಅನುಮಾನಕ್ಕೆ ಪರೀಕ್ಷೆಯ ಪಟ್ಟಿಯನ್ನು ಪಕ್ಕಕ್ಕೆ ಹಿಡಿದಳು. ಕೀಂ. ಯಂತ್ರ ನೆಟ್ಟಗೇ ಇತ್ತು. ಉಂಗುರದಲ್ಲಿ ಕಬ್ಬಿಣದ ಸುಳಿವಿಲ್ಲ.

"ಹಾಗಾದ್ರೆ ಕೈ ತಾ ಇಲ್ಲಿ" ಎಂದು ನಾದಿನಿಯ ಮಣಿಕಟ್ಟು ಹಿಡಿದಳು. ಬೆರಳಿಗೆ ಮೌನ, ಅಂಗೈಗೆ ಮೌನ. ಘಟಕದವರು ಕೊಟ್ಟಿದ್ದ ಕೋಟು ಉದ್ದವಾಗಿ, ಅವಳು ಮಡಚಿಕೊಂಡಿದ್ದ ತೋಳಿನ ಅಂಚಿಗೆ ಬಂದಾಗ ಯಂತ್ರ ಗಂಟಲು ಹರಿಯುವಂತೆ ಕೂಗಿತು. ಮಡಿಕೆ ಬಿಚ್ಚಿದರೆ, ಬಟ್ಟೆಯ ನೂಲಿಗೆ ಸಿಕ್ಕಿಕೊಂಡು ಸೂಜಿಯ ತುದಿ ಮಿಣ್ಣಗೆ ಹೊಳೆಯುತ್ತಿತ್ತು.

ಒಬ್ಬಳು ಚಪ್ಪಾಳೆ ತಟ್ಟಿದಳು, ಇನ್ನೊಬ್ಬಳು ನಕ್ಕಳು, ಮತ್ತೆ ಎಲ್ಲರೂ. ನಾದಿನಿ ನಗುತ್ತಲೇ ಕಣ್ಣೊರೆಸಿಕೊಂಡಳು.

"ಆವತ್ತು ಹಾಗನ್ನಬಾರ್ದಿತ್ತು" ಎಂದಳು ಸೂಜಿ ಅಕ್ಕ, ಮೂರೂ ಚೂರುಗಳನ್ನು ಜೋಡಿಸಿ ಸೂಜಿ ಲೆಕ್ಕದ ಪುಸ್ತಕಕ್ಕೆ ಅಂಟಿಸುತ್ತಾ. "ನೀನು ಹೋದ್ರೆ ಮನೇಲಿ ಜಗಳಕ್ಕೂ ಜನ ಇರಲ್ಲ. ಆ ಸಂಕಟಕ್ಕೆ ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಜಗಳಕ್ಕೆ ವಾರಕ್ಕೊಂದ್ಸಲ ಬರ್ತೀನಿ ಬಿಡಿ. ಆದ್ರೆ ಉಂಗುರ ತೊಡಿಸಿದೋರ ಮುಂದೆ ಈ ಕಥೆ ಮಾತ್ರ ಹೇಳಬೇಡಿ."

ಯಂತ್ರ ಒಮ್ಮೆಯೂ ಕೂಗದೆ ಫ್ರಾಕುಗಳೆಲ್ಲ ಪಾಸಾದವು, ವ್ಯಾನು ಹೊರಟಿತು. ಊಟದ ಬಿಡುವಿನಲ್ಲಿ ಸೂಜಿ ಅಕ್ಕ ಡಬ್ಬಿ ಬಿಚ್ಚುವಷ್ಟರಲ್ಲಿ ಬೆಂಚಿನ ಮುಂದೆ ಹೆಂಗಸರ ಸಾಲು ನಿಂತಿತ್ತು, ಒಬ್ಬೊಬ್ಬರ ಕೈಯಲ್ಲೂ ಸರವೋ ಓಲೆಯೋ.

"ಇದು ಬಂಗಾರ ಅಂತ ಹೇಳಲ್ಲ ಕಣ್ರೇ, ಕಬ್ಬಿಣ ಅಲ್ಲ ಅಂತ ಮಾತ್ರ ಹೇಳುತ್ತೆ" ಎಂದು ಅವಳು ಬಾಯಿ ನೋಯುವಷ್ಟು ಹೇಳಿದಳು. ಕೇಳುವವರಾರು?

ಸಾಲಿನ ಕೊನೆಯಲ್ಲಿ ಸೂಪರ್‌ವೈಸರ್ ನಿಂತಿದ್ದ. ಕೊರಳ ಸರ ಬಿಚ್ಚಿ ಕೊಟ್ಟ. ಯಂತ್ರ ಒಮ್ಮೆ ಕೀಂ ಎಂದಿತು. ಅವನ ಮುಖ ಸೊಪ್ಪಾಯಿತು.

"ಕೊಂಡಿಯೊಳಗೆ ಸ್ಪ್ರಿಂಗು ಇರುತ್ತೆ ಸರ್, ಅದಕ್ಕೆ" ಎಂದಳು ಸೂಜಿ ಅಕ್ಕ ಗಂಭೀರವಾಗಿ.

ನಾದಿನಿ ಪಕ್ಕದಲ್ಲಿ ಕೂತು, ಅತ್ತಿಗೆಯ ಡಬ್ಬಿಯಿಂದಲೇ ತಿನ್ನುತ್ತಾ, ನಗು ತಡೆಯಲಾರದೆ ಕೆಮ್ಮತೊಡಗಿದಳು.