ಲಕೋಟೆಯೊಳಗಿನ ಸೊನ್ನೆ

ಅಕ್ಕ ಕೆಲಸ ಮಾಡುವ ನೆಲಮಾಳಿಗೆಗೆ ನಾನು ದಿನಾ ಮಧ್ಯಾಹ್ನ ಒಂದು ಗಂಟೆಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ. ಹೊರಗೆ ಚಪ್ಪಲಿ ಬಿಟ್ಟು, ಅಲ್ಲಿಟ್ಟಿರುವ ನೀಲಿ ಕಾಲುಚೀಲ ಹಾಕಿಕೊಂಡು, ಗೋಡೆಗೆ ತಾಗಿದ ಬೆಂಚಿನ ಮೇಲೆ ಕೂರುತ್ತೇನೆ. ಕೋಣೆಯ ನಡುವೆ ಆಳೆತ್ತರದ ಒಂದು ಲೋಹದ ಕೊಳವೆ. ಅದರೊಳಗೆ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣ್ಣಗೆ ಮಾಡಿ, ಕೈಬಿಟ್ಟು, ಭೂಮಿ ಅವನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯುತ್ತಾರೆ. ನನಗೆ ತಿಳಿದಿರುವುದು ಇಷ್ಟೇ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದಿದ್ದಳು, ಅಕ್ಕ ಪರೀಕ್ಷೆಗೆ ಓದುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಿತ್ತು.

ಅಕ್ಕನದು ಎರಡು ವರ್ಷದ ಫೆಲೋಶಿಪ್. ಪಿಎಚ್‌ಡಿ ಮುಗಿದ ಮೇಲೆ, ಖಾಯಂ ಕೆಲಸ ಸಿಗುವ ಮೊದಲು, ಇಂಥದ್ದೊಂದು ಇರುತ್ತದೆ. ಅಮ್ಮ ಹೋದ ಮೇಲೆ ನಾವಿಬ್ಬರೇ ಇರುವ ಎರಡು ಕೋಣೆಯ ಕ್ವಾರ್ಟರ್ಸ್ ಕೂಡ ಅದರ ಲೆಕ್ಕದಲ್ಲೇ ಸಿಕ್ಕಿದ್ದು. ಮುಂದುವರಿಸಿದರೆ ಇನ್ನೂ ಎರಡು ವರ್ಷ. ಇಲ್ಲದಿದ್ದರೆ ತಿಂಗಳೊಳಗೆ ಖಾಲಿ ಮಾಡಿ ನಾನು ಚಿಕ್ಕಪ್ಪನ ಮನೆಗೆ, ಅಕ್ಕ ಕೆಲಸ ಸಿಕ್ಕ ಕಡೆಗೆ. ಅರ್ಜಿ ಕಳಿಸಲು ಆ ಶುಕ್ರವಾರ ಸಂಜೆ ಐದು ಗಂಟೆಯೇ ಕೊನೆ. ಅದರಲ್ಲಿ ಫಲಿತಾಂಶ ಬರೆಯಲು ಒಂದು ಜಾಗ ಬೇರೆ ಇತ್ತು.

ಅವರಲ್ಲೊಂದು ಪದ್ಧತಿ. ಅಳೆಯುವವರಿಗೆ ತಮ್ಮ ನಿಜವಾದ ಉತ್ತರ ಕಾಣಬಾರದು. ಕಂಡರೆ, ಬೇಕಾದ ಉತ್ತರ ಬಂದ ಕೂಡಲೇ ಮನಸ್ಸು ಸಾಕು ಅನ್ನುತ್ತದಂತೆ. ಬೇಡದ್ದು ಬಂದರೆ ತಪ್ಪು ಹುಡುಕುತ್ತಲೇ ಇರುತ್ತದಂತೆ. ಅದಕ್ಕೆ ಹೊರಗಿನವರೊಬ್ಬರು ಮೈನಸ್ ಐವತ್ತರಿಂದ ಪ್ಲಸ್ ಐವತ್ತರೊಳಗೆ ಒಂದು ಸಂಖ್ಯೆಯನ್ನು ಗುಟ್ಟಾಗಿ ಕಂಪ್ಯೂಟರಿಗೆ ಕೊಡುತ್ತಾರೆ. ಕಂಪ್ಯೂಟರ್ ಅದನ್ನು ಎಲ್ಲ ಉತ್ತರಕ್ಕೂ ಸೇರಿಸಿ ತೋರಿಸುತ್ತದೆ. ಅದೇ ಸಂಖ್ಯೆ ಒಂದು ಚೀಟಿಯಲ್ಲಿ, ಚೀಟಿ ಲಕೋಟೆಯಲ್ಲಿ. ಕೆಲಸ ಮುಗಿಯಿತು ಎಂದು ಸಹಿ ಹಾಕಿದ ಮೇಲೆ ಲಕೋಟೆ ಒಡೆದು ಆ ಸಂಖ್ಯೆಯನ್ನು ಕಳೆಯುತ್ತಾರೆ. ಆಮೇಲೆ ಏನು ಬಂದರೂ ಅದೇ ಉತ್ತರ. ತಿದ್ದುವಂತಿಲ್ಲ.

ಹಿಂದಿನ ಸಲ ಲಕೋಟೆ ಒಬ್ಬ ವಿದ್ಯಾರ್ಥಿಯ ಹತ್ತಿರ ಇತ್ತು. ಗ್ರಾಫ್ ಮೇಲೇರಿದಾಗಲೆಲ್ಲ ಅವನು ಹಲ್ಲು ಕಿರಿಯುತ್ತಿದ್ದನಂತೆ. ಈ ಸಲ ಅಕ್ಕನ ಗುಂಪಿನ ಹಿರಿಯರು, ಎಲ್ಲರೂ ಮೇಷ್ಟ್ರು ಎನ್ನುವವರು, ನನ್ನ ಬೆಂಚಿನ ಕಡೆ ಬೆರಳು ತೋರಿಸಿದರು.

"ನಿಮ್ಮ ತಂಗಿಗೇ ಕೊಡೋಣ. ಇಷ್ಟು ದಿನದಿಂದ ಬರ್ತಿದಾಳೆ, ಅವಳ ಧ್ವನಿ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ."

"ಸರ್, ಸ್ವಂತ ತಂಗಿ..." ಎಂದಳು ಅಕ್ಕ.

"ಅದಕ್ಕೇ ಹೇಳಿದ್ದು. ಅವಳು ನಿಮಗೆ ಹೇಳಿದ್ರೆ ನಿಮ್ಮ ಮುಖ ನನಗೆ ಹೇಳಿಬಿಡುತ್ತೆ. ಏನಮ್ಮಾ, ಗುಟ್ಟು ಹೊಟ್ಟೆಯಲ್ಲೇ ಇಟ್ಕೋತೀಯಾ?"

ತಲೆಯಾಡಿಸಿದೆ.

ಎಲ್ಲರೂ ಹೊರಗೆ ಹೋದರು. ಅಕ್ಕ ಇಷ್ಟು ಕಾಲ ಒದ್ದಾಡಿ ಮಾಡಿದ ಕೆಲಸಕ್ಕೆ ನಾನೇಕೆ ಏನಾದರೂ ಬೆರೆಸಲಿ ಅನ್ನಿಸಿತು. ಸೊನ್ನೆ ಒತ್ತಿದೆ. ಅದೂ ಆ ಎರಡು ಐವತ್ತುಗಳ ನಡುವಿನದೇ ತಾನೇ? ಚೀಟಿಯಲ್ಲೂ ಸೊನ್ನೆ ಬರೆದು, ಲಕೋಟೆ ಅಂಟಿಸಿ, ಮನೆಗೆ ತಂದು ನನ್ನ ಬಟ್ಟೆಗಳ ಕೆಳಗೆ ಇಟ್ಟೆ.

ಗುರುವಾರ ಸಂಜೆ ಊಟಕ್ಕೆ ಕೂತಾಗ ಅಕ್ಕ ಗೆಲುವಾಗಿದ್ದಳು. ಹೋದ ವರ್ಷ ಬೇರೆ ಪ್ರಯೋಗಾಲಯದವರು ತಮ್ಮ ಯಂತ್ರ ತಂದು ಅದೇ ಜಾಗದಲ್ಲಿ ಅಳೆದಿದ್ದರು. ಅವರದಕ್ಕಿಂತ ಅಕ್ಕನ ಉತ್ತರ ಮೂವತ್ತೊಂದು ಕಡಿಮೆ ಬರುತ್ತಿತ್ತು.

"ಆ ಮೂವತ್ತೊಂದು ನಿನ್ನದೇ ಕಣೇ. ಹೇಳಬೇಡ, ಹೇಳಬೇಡ! ನಾನೇ ಹೇಳ್ತಿದೀನಿ. ನೀನು ಮೈನಸ್ ಮೂವತ್ತರ ಆಸುಪಾಸು ಏನೋ ಕೊಟ್ಟಿದೀಯ. ನಾಳೆ ಕಳೆದುಬಿಟ್ರೆ ಇಬ್ಬರದೂ ತಾಳೆಯಾಗುತ್ತೆ, ಅರ್ಜಿಗೆ ಹಾಕಿದ್ರೆ ಮುಗೀತು."

ನಾನು ತಟ್ಟೆ ನೋಡುತ್ತಾ ಕೂತೆ. ಮೂವತ್ತೊಂದು ನನ್ನದಲ್ಲ. ಯಂತ್ರದಲ್ಲಿ ಎಲ್ಲೋ ತಪ್ಪಿದೆ. ಸುಮ್ಮನಿದ್ದರೆ ನಾಳೆ ಅವಳು ಆ ತಪ್ಪಿಗೇ ಸಹಿ ಹಾಕುತ್ತಾಳೆ. ಬಾಯಿಬಿಟ್ಟರೆ ಇಷ್ಟು ದಿನದ ಅಳತೆ ಹಾಳು. ಇನ್ನೊಂದು ಸಲ ಹುಡುಕು ಎಂದರೂ ಅದು ಹೇಳಿಕೊಟ್ಟಂತೆಯೇ. ಎದ್ದು ಪಾತ್ರೆ ತೊಳೆದೆ.

ಮರುದಿನ ಡಬ್ಬಿಯ ಜೊತೆ ಲಕೋಟೆಯನ್ನೂ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಸಹಿಯ ಹಾಳೆ ಇತ್ತು.

"ಕೊಳವೆಯ ತಳದ ಕನ್ನಡಿ ನೋಡಿದ್ರಾ?" ಮೇಷ್ಟ್ರು ಕೇಳಿದರು.

"ಎರಡು ತಿಂಗಳ ಹಿಂದೆ ನೋಡಿದ್ದೆ ಸರ್. ಈಗ ಬಿಚ್ಚಿದ್ರೆ ಹತ್ತು ದಿನ ಹೋಗುತ್ತೆ. ಅರ್ಜಿ ಐದಕ್ಕೆ."

"ಸಹಿ ನಿಮ್ಮದು, ನಿಮ್ಮಿಷ್ಟ."

ಅಕ್ಕ ಪೆನ್ನು ಎತ್ತಿಕೊಂಡು ಇನ್ನೊಂದು ಕೈ ನನ್ನ ಕಡೆ ಚಾಚಿದಳು. ಲಕೋಟೆಯ ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ.

"ಬಿಡೇ."

ಬಿಡಲಿಲ್ಲ.

"ಏನಾಯ್ತೇ ನಿನಗೆ?"

"ಇವತ್ತು ಬೇಡ ಅಕ್ಕ."

ಅವಳು ನನ್ನನ್ನೇ ನೋಡಿದಳು. ಮುಖದ ಬಣ್ಣ ಇಳಿಯಿತು. ಅವಳು ಬುದ್ಧಿವಂತೆ, ಮೂವತ್ತೊಂದು ನನ್ನದಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬಾಯಿಲ್ಲದವಳು ಅಂತ ನಿನ್ನ ಕೈಗೆ ಕೊಟ್ರೆ, ಇವತ್ತೇ ಬಾಯಿ ಬರಬೇಕಿತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂಖ್ಯೆ ಏನೂ ಹೇಳಲಿಲ್ಲವಲ್ಲ ಅವಳು. ನನಗಂತೂ ಏನೂ ಕೇಳಿಸಲಿಲ್ಲ. ಸಹಿ ಹಾಕೋದಾದ್ರೆ ಹಾಕಿ. ಕೊಳವೆ ಬಿಚ್ಚಿ ನೋಡೋದಾದ್ರೂ ನೋಡಿ, ನಾನು ಯಾಕೆ ಅಂತ ಕೇಳಲ್ಲ."

ಅಕ್ಕ ಪೆನ್ನು ಮೇಜಿನ ಮೇಲಿಟ್ಟಳು. ಗೋಡೆಯ ಗಡಿಯಾರದಲ್ಲಿ ಒಂದೂವರೆ.

"ಇಲ್ಲ ಸರ್. ನನಗೆ ಕೇಳಿಸ್ತು."

ದಿನದ ಕೆಲಸ ಬರೆದಿಡುವ ಪುಸ್ತಕ ತೆರೆದು, ತಾರೀಖು, ಗಂಟೆ ಹಾಕಿ ಬರೆದಳು: ಲಕೋಟೆ ಇಟ್ಟುಕೊಂಡವರ ಮಾತಿನಿಂದ ಗುಟ್ಟು ಒಡೆದಿದೆ, ಈ ಅಳತೆ ರದ್ದು. ಅರ್ಜಿಯ ಆ ಜಾಗದಲ್ಲಿ 'ಫಲಿತಾಂಶ ಇನ್ನೂ ಇಲ್ಲ' ಎಂದು ಹಾಕಿ ನಾಲ್ಕೂಮುಕ್ಕಾಲಿಗೆ ಕಳಿಸಿದಳು. ಡಬ್ಬಿ ಹಾಗೇ ಇತ್ತು.

ಮನೆಗೆ ಬಂದು ಒಲೆ ಹಚ್ಚಿದೆ.

"ಸಿಟ್ಟಾ?" ಎಂದೆ.

"ಹೌದು."

"ಊಟ ಬಡಿಸಲಾ?"

"ಬಡಿಸು."

ಸೋಮವಾರ ಕೊಳವೆ ಬಿಚ್ಚಿದರು. ತಳದಲ್ಲಿ ಬೆಳಕನ್ನು ವಾಪಸು ಕಳಿಸುವ ಕನ್ನಡಿ ಕಣ್ಣಿಗೆ ಕಾಣದಷ್ಟು ವಾಲಿತ್ತು. ಅದನ್ನು ನೆಟ್ಟಗೆ ಮಾಡಿ ಎಲ್ಲ ಮೊದಲಿನಿಂದ ಶುರು ಮಾಡಿದರು. ಹೊಸ ಸಂಖ್ಯೆ ಗೇಟಿನ ವಾಚ್‌ಮನ್ ಮಾಮನದು. ಅವನು ಲಕೋಟೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಂದವರಿಗೆಲ್ಲ "ನನ್ನ ಹತ್ರ ಭೂಮಿತೂಕದ ಗುಟ್ಟಿದೆ, ಮರ್ಯಾದೆಯಿಂದ ಮಾತಾಡಿ" ಎನ್ನುತ್ತಾನೆ. ಅಕ್ಕ ಬಂದರೆ ಮಾತ್ರ ಮುಖ ತಿರುಗಿಸಿಕೊಂಡು ಗೇಟು ತೆಗೆಯುತ್ತಾನೆ.

ಆರು ವಾರದ ಮೇಲೆ ಪತ್ರ ಬಂತು. ಕೇಳಿದ್ದು ಎರಡು ವರ್ಷ, ಕೊಟ್ಟದ್ದು ಆರು ತಿಂಗಳು; ಫಲಿತಾಂಶ ನೋಡಿ ಮುಂದಿನ ಮಾತು ಎಂದು ಬರೆದಿದ್ದರು. ಅಕ್ಕ ಅದನ್ನು ಎರಡು ಸಲ ಓದಿ, ಮಡಿಸಿಟ್ಟು, ಕೆಲಸಕ್ಕೆ ಹೋದಳು.

ನಾನು ಈಗಲೂ ಒಂದು ಗಂಟೆಗೆ ಡಬ್ಬಿ ತರುತ್ತೇನೆ. ಪರದೆಯ ಮೇಲೆ ಈಗ ಆ ಬೇರೆ ಪ್ರಯೋಗಾಲಯದವರದಕ್ಕಿಂತ ಹದಿನೇಳು ಹೆಚ್ಚು ಎಂದು ಕಾಣುತ್ತದೆ. ಅದರಲ್ಲಿ ವಾಚ್‌ಮನ್ ಮಾಮನದೆಷ್ಟು, ಅಕ್ಕನದೆಷ್ಟು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದರಿಂದ ಅವಳ ಎದುರು ಕೂತು ಊಟ ಮಾಡುವುದು ಸುಲಭವಾಗಿದೆ.