ಸವೆದ ಹಲ್ಲು

ಹಳ್ಳದ ಕಲ್ಲುಗಳ ಮೇಲೆ ಬದುಕುವ, ಕಚ್ಚದ ನುಸಿಯ ಮರಿಹುಳುಗಳ ಬಗ್ಗೆ ನನ್ನ ಪ್ರಬಂಧ. ೧೯೯೯ರ ಅಕ್ಟೋಬರ್ ರಜೆಗೆ ಕಾಲೇಜಿನ ಮೈಕ್ರೋಸ್ಕೋಪನ್ನು ನಮ್ಮೂರು ಬಿ.ಜಿ. ಕೆರೆಯ ಮನೆಗೆ ತಂದಿದ್ದೆ. ಒಂದೇ ಬಂಡೆಯಿಂದ ಕೆರೆದು ತಂದ ಹುಳುಗಳು ಬಾಟಲಿಯಲ್ಲಿದ್ದವು.

ಇವುಗಳ ಜಾತಿ ತಿಳಿಯುವುದು ಹಲ್ಲಿನಿಂದ. ತಲೆಯಡಿಯಲ್ಲಿ ಬಾಚಣಿಗೆಯಂಥ ಪಟ್ಟಿಯೊಂದಿರುತ್ತದೆ. ನಾನು ನೋಡಿದ ಐದಕ್ಕೂ ನಡುಹಲ್ಲು ಅಗಲ, ಚಪ್ಪಟೆ. ಪುಸ್ತಕದಲ್ಲಿ ಅಂಥದ್ದಿರಲಿಲ್ಲ. ಹೊಸ ಜಾತಿಯಾದರೆ ಹೆಸರಿಡುವವನು ನಾನು. ಅವ್ವನ ಹೆಸರು ನಿಂಗಕ್ಕ. ಅದಕ್ಕೊಂದು ಲ್ಯಾಟಿನ್ ಬಾಲ ಸೇರಿಸಿ ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವಳಿಗೆ ಹೇಳಿರಲಿಲ್ಲ. ನಮ್ಮಿಬ್ಬರ ನಡುವೆ ಮಾತು ಕಡಿಮೆ.

ಬೆಳಿಗ್ಗೆ ಕುರಿ ಬಿಡಲು ಹೊರಟವಳನ್ನು ಕರೆದು ಕೂರಿಸಿ, ಮೈಕ್ರೋಸ್ಕೋಪಿನಲ್ಲಿ ಹುಳು ತೋರಿಸಿದೆ.

"ಗರಗಸ ಇದ್ದಂಗೈತೆ."

"ಅದರ ಹಲ್ಲವ್ವ."

ಹಲ್ಲೆಂದ ಕೂಡಲೇ ಇನ್ನಷ್ಟು ಬಾಗಿದಳು. ಸಂತೆಯಲ್ಲಿ ಕುರಿಯ ತುಟಿ ಎತ್ತಿ ವಯಸ್ಸು ಹೇಳುವವಳು ಅವಳು.

"ಮುದೀದಪ್ಪ ಇದು. ಸವೆದೋಗೈತೆ."

"ಸವೆದಿಲ್ಲ, ಈ ಜಾತೀನೇ ಹಂಗೆ. ಐದಕ್ಕೂ ಹಂಗೇ ಐತೆ."

"ಏನು ಮೇಯ್ತಾವೆ?"

"ಬಂಡೆ ಮೇಲಿನ ಪಾಚಿ ಕೆರ್ಕೊಂಡು ತಿಂತಾವೆ."

"ಮತ್ತೆ! ಗರಸು ಕಲ್ಲಿನ ನೆಲದಾಗೆ ಮೇಯ್ದ ಕುರಿ ಹಲ್ಲು ನೋಡಿಲ್ವೇನಲೇ? ಕುರಿಯೋರ ಮನ್ಯಾಗೆ ಹುಟ್ಟಿ ಇಷ್ಟು ಓದಿ... ಎಳೇದೊಂದು ಹಿಡ್ದು ನೋಡು, ಪೆದ್ದ."

ನಗಲು ಹೋದೆ, ಬರಲಿಲ್ಲ. ಪೊರೆ ಬಿಟ್ಟಾಗಲೆಲ್ಲ ಹುಳುವಿಗೆ ಹೊಸ ಹಲ್ಲು ಬರುತ್ತದೆ, ಆಮೇಲೆ ಸವೆಯುತ್ತದೆ. ಗೊತ್ತಿದ್ದ ಪಾಠ. ಆದರೂ ದಪ್ಪಗೆ ಬೆಳೆದವನ್ನೇ, ಅಂದರೆ ಪೊರೆ ಬಿಟ್ಟು ಬಹಳ ದಿನವಾದವನ್ನೇ, ಆರಿಸಿಕೊಂಡಿದ್ದೆ. ಬಾಟಲಿ ಸೋಸಿ, ಆಗಷ್ಟೇ ಪೊರೆ ಬಿಟ್ಟು ತಲೆ ಇನ್ನೂ ಬಿಳಚಿಕೊಂಡಿದ್ದ ಒಂದನ್ನು ಹುಡುಕಿ ಗಾಜಿನ ಮೇಲಿಟ್ಟೆ. ನಡುಹಲ್ಲಿಗೆ ಎರಡು ಚೂಪು ಮೊನೆ. ಪುಸ್ತಕದಲ್ಲಿದ್ದ ಚಿತ್ರವೇ.

"ಸಿಕ್ತಾ?"

"ಸಿಕ್ತು. ಯಾರೋ ಆಗ್ಲೇ ಹೆಸರಿಟ್ಟವ್ರೆ." ತಲೆ ಎತ್ತದೆ ಹೇಳಿದೆ: "ಹೊಸದಾಗಿದ್ರೆ ನಿನ್ನ ಹೆಸರಿಡ್ತಿದ್ದೆ ಅವ್ವ."

"ಹುಳಕ್ಕಾ?" ಬಾಯಿಗೆ ಸೆರಗು ಒತ್ತಿ ನಕ್ಕಳು. "ನಿಮ್ಮ ಮಾವನ ಕಿವಿಗೆ ಬಿದ್ರೆ ಸಾಯೋವರ್ಗೂ ನನ್ನ ಹಳ್ಳದ ಹುಳ ಅಂತ್ಲೇ ಕರೀತಾನೆ."

ನಗು ನಿಂತಿತು. ರೊಪ್ಪದಲ್ಲಿ ಕುರಿಗಳು ಅರಚುತ್ತಿದ್ದವು. ಅವಳು ಏಳಲಿಲ್ಲ.

"ಪುಸ್ತಕದಾಗೆ ಬರ್ತಿತ್ತಾ?"

"ಬರ್ತಿತ್ತು."

"ಥೂ, ನಾನೇ ಬಾಯಿ ಹಾಕಿ ಕೆಡಿಸ್ದೆ."

"ಇಲ್ಲವ್ವ. ನೀನು ಹೇಳ್ದೇ ಇದ್ದಿದ್ರೆ ತಪ್ಪು ಬರ್ದಿರ್ತಿದ್ದೆ."

ಅವಳು ಮೈಕ್ರೋಸ್ಕೋಪಿನ ಹತ್ತಿರಕ್ಕೆ ಸರಿದು ಕುಳಿತಳು. ಆಮೇಲೆ, "ಆ ಮುದೀದ್ನ ಇನ್ನೊಂದ್ಸಲ ತೋರ್ಸು," ಎಂದಳು.

ಗಾಜು ಬದಲಿಸಿ ಮೈಕ್ರೋಸ್ಕೋಪಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಆ ದಿನ ಕುರಿ ಬಿಡುವುದು ತಡವಾಯಿತು.