ಲೋಹಿತಾಳ ಮೂಳೆಗೊಂದು ಸಾರ್ವೆ

ನಮ್ಮ ಕಡೆ ಯಾರದಾದರೂ ಕಾಲು ಮುರಿದರೆ ಎಕ್ಸ್‌ರೇಗಿಂತ ಮೊದಲು ಸಲಹೆಗಳು ಬಂದು ನಿಲ್ಲುತ್ತವೆ. ಕೊಳಾಲದ ಲೋಹಿತಾ ಸ್ಕೂಟರಿನಿಂದ ಬಿದ್ದಾಗಲೂ ಹಾಗೇ ಆಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ಚರ್ಮ ಹರಿದು ರಕ್ತ ಸೋರುತ್ತಿದ್ದರೂ ಮನೆಯವರು ಅವಳನ್ನು ಕರೆದೊಯ್ದದ್ದು ನಾಟಿ ಕಟ್ಟು ಹಾಕುವವರ ಹತ್ತಿರ. ಮೊದಲ ಕಟ್ಟನ್ನು ಹದಿನೈದು ದಿನ ಬಿಚ್ಚುವಂತಿಲ್ಲ ಎಂದರು. ಬಿಚ್ಚಿದಾಗ ಒಳಗೆಲ್ಲ ಕೀವು.

ಆಮೇಲೆ ತುಮಕೂರಿನ ಆಸ್ಪತ್ರೆಗೆ ಓಡಿದರು. ಡಾಕ್ಟರು ಕೊಳೆತ ಮೂಳೆ ತೆಗೆದು, ಕಾಲಿನ ಹೊರಗೆ ಸ್ಟೀಲ್ ಕಂಬಿ ಕೂರಿಸಿದರು. ಈಗ ಸೋಂಕು ನಿಂತಿದೆ. ಆದರೆ ಮೂಳೆಯ ನಡುವೆ ಎರಡು ಬೆರಳಿನಷ್ಟು ಖಾಲಿ. ಅದನ್ನು ತುಂಬುವ ಆಪರೇಷನ್ ಇವತ್ತು ಹತ್ತು ಗಂಟೆಗೆ. ಗಂಟೆ ಒಂಬತ್ತೂವರೆ, ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ.

ಪತ್ರ ಲೋಹಿತಾಳ ಅಪ್ಪ, ಗುಡಿಯ ಪೂಜಾರಿ ನಂದೀಶ್ವರಯ್ಯನ ಕೈಯಲ್ಲಿತ್ತು.

"ತೂತು ತೂತಾಗಿರೋ ಮೂಳೆ ಚೂರು ತುಂಬ್ತಾರಂತೆ ಕಣೇ. ಯಾವ ದನದ್ದೋ ಏನೋ! ಲಿಂಗ ಕಟ್ಕೊಂಡಿರೋ ಮಗಳ ಮೈಯೊಳಗೆ ಅದನ್ನ ಇಡ್ಸಿ ನಾನು ಹೆಂಗೆ ಗುಡಿ ಮೆಟ್ಟಿಲು ಹತ್ಲಿ? ಊರಿಗೆ ಹೋಗಾಕೆ ಕೆಳಗೆ ವ್ಯಾನ್ ಬಂದೈತೆ, ಎಬ್ಬಿಸು ಅವಳನ್ನ."

ಲೋಹಿತಾಳ ಅಮ್ಮ ಇಂದ್ರಮ್ಮ ಮಗಳನ್ನು ಎಬ್ಬಿಸಲಿಲ್ಲ. ಆಪರೇಷನ್ ತಡವಾಗಿ ಕೀವು ಮರುಕಳಿಸಿದರೆ ಕಾಲು ಉಳಿಸುವುದು ಕಷ್ಟ ಎಂದು ಬೆಳಿಗ್ಗೆ ತಾನೇ ಡಾಕ್ಟರು ಹೇಳಿ ಹೋಗಿದ್ದರು.

ವಾರ್ಡಿನ ನರ್ಸ್, ಶಿರಾದ ಅಂಬ್ರೀನ್, ಹತ್ತಿರ ಬಂದಳು.

"ಅಯ್ನೋರೆ, ನೀವು ಕೇಳ್ತಿರೋದು ನ್ಯಾಯವಾಗೇ ಇದೆ. ನಮ್ಮ ಮಾಮೂಗೆ ಇದೇ ಆಪರೇಷನ್ ಆದಾಗ ಅವರೂ 'ಹಂದೀದಲ್ಲ ತಾನೆ?' ಅಂತ ಕೇಳಿದ್ರು. ಪ್ರಾಣಿ ಮೂಳೇಲಿ ಮಾಡಿದ್ದೂ ಇರ್ತದೆ, ಲ್ಯಾಬಲ್ಲಿ ಮಾಡಿದ್ದೂ ಇರ್ತದೆ. ಯಾವುದು ಅಂತ ಕೇಳೋದು ನಿಮ್ಮ ಹಕ್ಕು. ಕೇಳದೇ ಎದ್ದು ಹೋಗೋದು ತಪ್ಪು."

ಡಾಕ್ಟರಿಗೆ ಹೇಳಿ, ಸೀಲ್ ಒಡೆಯದ ಡಬ್ಬಿಯನ್ನೇ ತಂದು ತೋರಿಸಿದಳು. "ನೋಡಿ, ಕ್ಯಾಲ್ಸಿಯಂ ಫಾಸ್ಫೇಟ್. ಲ್ಯಾಬಲ್ಲಿ ಮಾಡಿದ್ದು. ಪ್ರಾಣೀದು ಏನೂ ಇಲ್ಲ."

"ಬರೀ ತೂತಿರೋದು ಹೆಂಗಮ್ಮ ಭಾರ ತಡೀತೈತೆ?"

"ಆ ತೂತು ಬೇಕಂತಲೇ ಇಟ್ಟಿರೋದು. ಗೋಡೆ ಕಟ್ಟುವಾಗ ಸಾರ್ವೆ ಕಟ್ಟಲ್ವಾ, ಹಂಗೆ ಇದು. ಅವಳ ಸೊಂಟದ ಮೂಳೇನೂ ಸ್ವಲ್ಪ ಇದರ ಜೊತೆ ಸೇರಿಸ್ತಾರೆ. ತೂತುಗಳ ಒಳಗೆ ರಕ್ತನಾಳ ಹೊಕ್ಕು, ಅವಳದ್ದೇ ಹೊಸ ಮೂಳೆ ಬೆಳೀತದೆ. ಇದು ನಿಧಾನಕ್ಕೆ ಕರಗ್ತದೆ. ಅಲ್ಲೀವರೆಗೂ ಭಾರ ತಡೆಯೋದು ಕಂಬಿ. ಎಲ್ಲರಿಗೂ ಒಂದೇ ಸಲಕ್ಕೆ ಕೂಡ್ಕೊಳ್ತದೆ ಅಂತ ನಾನು ಸುಳ್ಳು ಹೇಳಲ್ಲ. ತಿಂಗಳುಗಟ್ಲೆ ಕಾಯ್ಬೇಕು."

"ಕಾಯೋದಾದ್ರೆ ಇನ್ನೊಂದು ಕಟ್ಟು ಹಾಕ್ಸಿ ಮನೇಲೇ ಕಾಯ್ತೀವಿ ಬುಡಮ್ಮ." ಮೊಂಡುತನ ಅಂದರೆ ಇದು. ನಂದೀಶ್ವರಯ್ಯ ಬಾಗಿಲ ಕಡೆ ಹೆಜ್ಜೆ ಹಾಕಿಯೇಬಿಟ್ಟ.

"ರೀ, ನಿಲ್ರಿ!"

ಇಂದ್ರಮ್ಮ ಗಂಡನೆದುರು ಹೀಗೆ ದನಿ ಎತ್ತಿದವಳೇ ಅಲ್ಲ.

"ಒಂಬತ್ತನೇ ದಿನಕ್ಕೇ ಇವಳು 'ವಾಸ್ನೆ ಬತ್ತೈತೆ, ಬಿಚ್ಚಮ್ಮಾ' ಅಂತ ಅತ್ಲು. ಕಟ್ಟು ಕೆಡ್ತೈತೆ ಅಂತ ನಾನೇ ಬಾಯಿ ಮುಚ್ಚಿಸ್ದೆ. ನಿಮಗೆ ಗೊತ್ತಾಗ್ಬಾರ್ದು ಅಂತ ದಿನಾ ದೇವರ ಊದುಗಡ್ಡಿ ಹಚ್ಚಿ ಮಂಚದ ಕೆಳಗಿಟ್ಟೆ. ಆ ಮೂಳೆ ಕೊಳೆಸಿದ್ದು ನಾನು ಕಣ್ರೀ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ನಂದೀಶ್ವರಯ್ಯ ಬಾಗಿಲಿನಿಂದ ಮಂಚದ ಹತ್ತಿರ ಬಂದ. ಮಂಚದ ಮೇಲಿಂದ ಲೋಹಿತಾ ಕೈ ಚಾಚಿದಳು.

"ಅಪ್ಪಾ, ಆ ನಾಟಿ ಕಟ್ಟಿಗೆ ಕೋಳಿಮೊಟ್ಟೆ ಬಳಿದಾಗ ನೀನು ಏನೂ ಕೇಳ್ಲಿಲ್ಲ. ಈಗ ಕೇಳ್ದೆ, ಉತ್ರಾನೂ ಸಿಕ್ತು. ನಂಗೆ ಇಪ್ಪತ್ತೆರಡು ವರ್ಷ. ಸಹಿ ನಾನೇ ಹಾಕ್ತೀನಿ, ಪತ್ರ ಕೊಡು."

ಅವನು ಪತ್ರ ಕೊಟ್ಟ. ಜೇಬಿನಿಂದ ಪೆನ್ನನ್ನೂ ತೆಗೆದುಕೊಟ್ಟು, ಕಣ್ಣೊರೆಸಿಕೊಳ್ಳುತ್ತ ವ್ಯಾನ್ ವಾಪಸ್ ಕಳಿಸಲು ಇಳಿದುಹೋದ.

ಲೋಹಿತಾ ಹನ್ನೊಂದು ತಿಂಗಳು ಕಾದಳು. ಈಗ ಕೋಲಿಲ್ಲದೆ ನಡೆಯುತ್ತಾಳೆ, ಕೊಂಚ ಕುಂಟುತ್ತಾಳೆ. ಕಟ್ಟು ಹಾಕಿಸಲು ಹೊರಟವರನ್ನು ನಂದೀಶ್ವರಯ್ಯನೇ ತಡೆದು ಆಸ್ಪತ್ರೆಗೆ ಅಟ್ಟುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮೂಳೆ ಮುರಿದು ಗಾಯವೂ ಆಗಿದ್ದರೆ ಕಟ್ಟು ಹಾಕಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೈಯೊಳಗೆ ಏನು ಇಡುತ್ತಾರೆ, ಯಾವುದರಿಂದ ಮಾಡಿದ್ದು ಎಂದು ಧೈರ್ಯವಾಗಿ ಕೇಳಿ. ಡಾಕ್ಟರು ಹೇಳುವವರೆಗೆ ಮುರಿದ ಕಾಲಿನ ಮೇಲೆ ಭಾರ ಹಾಕಬೇಡಿ. ಮತ್ತು ನೋವು ತಿನ್ನುತ್ತಿರುವವರು "ಬಿಚ್ಚು" ಎಂದರೆ, ಯಾರ ಮಾತಿಗೂ ಕಾಯದೆ ಅವತ್ತೇ ಆಸ್ಪತ್ರೆಯಲ್ಲಿ ಬಿಚ್ಚಿಸಿ.